ಸುಂಕ ಕಟ್ಟೋದು ಬೇಲಿ ದಾಟಲಾಗದವನೇ!

ಅಕ್ಕಪಕ್ಕದ ಮನೆಯವರು ನಲವತ್ತು ವರ್ಷ ಕೋರ್ಟು ಅಲೆದರೆ ಲಾಭ ಯಾರಿಗೆ? ವಕೀಲರಿಗೆ! ಅಮೆರಿಕ, ಕೆನಡಾ ದೇಶಗಳ ನಾಟಾ ಜಗಳವೂ ಹಾಗೇ ಆಗಿದೆ.

ನಾಟಾ ಅಂದರೆ ತೇಗ, ಬೀಟೆ ಅಲ್ಲ. ಪೈನ್, ಸ್ಪ್ರೂಸ್, ಫರ್ ಜಾತಿಯ ಮೆದು ಮರ. ಅಮೆರಿಕದಲ್ಲಿ ಸಾಮಾನ್ಯರ ಮನೆಯ ಗೋಡೆ, ಸೂರು ನಿಲ್ಲುವುದು ಹೆಚ್ಚಾಗಿ ಈ ಮರದ ಚೌಕಟ್ಟಿನ ಮೇಲೆ. ನಮ್ಮಲ್ಲಿ ಸಿಮೆಂಟ್ ರೇಟು ಏರಿದರೆ ಮನೆ ಕಟ್ಟಿಸುವವನ ಎದೆ ಧಸಕ್ ಅನ್ನುವ ಹಾಗೆ ಅಲ್ಲಿ ನಾಟಾ ರೇಟು.

ಜಗಳದ ಬುಡ ಇಷ್ಟೇ. ಕೆನಡಾದಲ್ಲಿ ಕಾಡಿನ ಬಹುಪಾಲು ಸರ್ಕಾರದ್ದು. ಮರ ಕಡಿಯುವ ಕಂಪನಿ ಕಟ್ಟಬೇಕಾದ ಶುಲ್ಕವನ್ನು ಗೊತ್ತು ಮಾಡುವುದು ಪ್ರಾಂತ ಸರ್ಕಾರ. ಅಮೆರಿಕದಲ್ಲಿ ಬಹಳಷ್ಟು ಮರ ಖಾಸಗಿ ಜಮೀನಿನದು, ಮಾರುಕಟ್ಟೆ ರೇಟಿನದು. ‘ಅವರ ಸರ್ಕಾರ ಅಗ್ಗಕ್ಕೆ ಮರ ಕೊಡೋದು ಸಬ್ಸಿಡಿಯಲ್ಲದೆ ಮತ್ತೇನು?’ ಎಂದು ಅಮೆರಿಕದ ಸಾಮಿಲ್ಲಿನವರು 1982ರಲ್ಲಿ ದೂರು ಕೊಟ್ಟರು. ಮರುವರ್ಷ ಅವರ ಸರ್ಕಾರವೇ ಅದನ್ನು ತಳ್ಳಿಹಾಕಿತು. ಅವರು ಬಿಟ್ಟರೆ ತಾನೇ? 1986ರಲ್ಲಿ ಮತ್ತೆ ದೂರು. ಕೆನಡಾ ತಲೆಬಾಗಿ ತಾನೇ ಶೇ. 15 ರಫ್ತು ತೆರಿಗೆ ಹಾಕಿಕೊಂಡಿತು. 1996ರಲ್ಲಿ ಇನ್ನೊಂದು ಒಪ್ಪಂದ: ನಾಲ್ಕು ಪ್ರಾಂತಗಳಿಂದ ವರ್ಷಕ್ಕೆ 1,470 ಕೋಟಿ ಬೋರ್ಡ್ ಅಡಿವರೆಗೆ ಶುಲ್ಕವಿಲ್ಲ, ಮೀರಿದರೆ ಉಂಟು.

ಅದು ಮುಗಿದದ್ದೇ ತಡ, 2002ರಲ್ಲಿ ಸುಮಾರು ಶೇ. 27 ಸುಂಕ! 2006ರಲ್ಲಿ ರಾಜಿಯಾಗುವ ಹೊತ್ತಿಗೆ ವಸೂಲಾದದ್ದು 500 ಕೋಟಿ ಡಾಲರಿಗೂ ಹೆಚ್ಚು. ಸುಮಾರು 400 ಕೋಟಿ ವಾಪಸ್ ಬಂತು, 100 ಕೋಟಿ ಅಲ್ಲೇ ಉಳಿಯಿತು. 2015ರಲ್ಲಿ ಆ ರಾಜಿಯೂ ಮುಗಿಯಿತು. 2017ರಲ್ಲಿ ಸುಂಕ ಮತ್ತೆ ಶುರು. 2025ರ ಆಗಸ್ಟಿನಲ್ಲಿ ಅದು ಸುಮಾರು ಶೇ. 35ಕ್ಕೆ ಏರಿತು, ಅಕ್ಟೋಬರಿನಲ್ಲಿ ದೇಶದ ಭದ್ರತೆಯ ಹೆಸರಲ್ಲಿ ಇನ್ನೂ ಶೇ. 10. ಮನೆಯ ಹಲಗೆಯಿಂದ ದೇಶದ ಭದ್ರತೆಗೆ ಏನು ಗಂಡಾಂತರವೋ!

ಇಷ್ಟೆಲ್ಲ ಮಾಡಿ ಸಾಧಿಸಿದ್ದೇನು? 1990ರ ದಶಕದ ನಡುವೆ ಅಮೆರಿಕ ಬಳಸುತ್ತಿದ್ದ ಮೆದು ಮರದಲ್ಲಿ ಮೂರರಲ್ಲೊಂದು ಪಾಲು ಕೆನಡಾದ್ದು. ಈಗ ಸುಮಾರು ನಾಲ್ಕರಲ್ಲೊಂದು. ಇಳಿದದ್ದು ನಿಜ. ಅದರಲ್ಲೂ ಬ್ರಿಟಿಷ್ ಕೊಲಂಬಿಯಾದ ಪೈನ್ ಕಾಡನ್ನು ದುಂಬಿ ಹುಳು ತಿಂದು ಹಾಕಿದ್ದು ಒಂದು ಕಾರಣ. ಅಷ್ಟಾದರೂ ಅಮೆರಿಕ ಸ್ವಾವಲಂಬಿ ಆಗಲಿಲ್ಲ. ಜರ್ಮನಿ, ಸ್ವೀಡನ್ನಿನ ನಾಟಾ ಹಡಗಿನಲ್ಲಿ ಬಂದಿಳಿಯಿತು.

2021ರ ಮೇ ತಿಂಗಳಲ್ಲಿ ಸಾವಿರ ಬೋರ್ಡ್ ಅಡಿಯ ರೇಟು 1,600 ಡಾಲರ್ ದಾಟಿ ದಾಖಲೆಯಾಯಿತು. ಅದು ಕೊರೊನಾ ಕಾಲದ ಅಭಾವ, ಒಪ್ಪೋಣ. ಆದರೆ ಅದೇ ನವೆಂಬರಿನಲ್ಲಿ ಸುಂಕವನ್ನು ಸುಮಾರು ಶೇ. 9ರಿಂದ ಶೇ. 18ಕ್ಕೆ ಏರಿಸಿದರಲ್ಲ, ಅದಕ್ಕೇನನ್ನಬೇಕು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ?

ಸುಂಕ ಗಡಿಯಲ್ಲಿ ಯಾರೇ ಕಟ್ಟಲಿ, ಅದರ ಒಂದು ಪಾಲು ಗಿರಾಕಿಯ ಬಿಲ್ಲಿಗೆ ಬಂದೇ ಬರುತ್ತೆ. ಗಲ್ಲಾ ಮೇಲೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಪಾಲು ಕೆನಡಾದ ಮಿಲ್ಲಿನ ಕಾರ್ಮಿಕನ ತಲೆ ಮೇಲೆ. ದೊಡ್ಡ ಕಂಪನಿಗಳೋ? ಕೆನಡಾದ ಕ್ಯಾನ್‌ಫೋರ್, ವೆಸ್ಟ್ ಫ್ರೇಜರ್‌ನಂಥವು ಅಮೆರಿಕದ ದಕ್ಷಿಣದಲ್ಲಿ ಮಿಲ್ಲುಗಳನ್ನೇ ಕೊಂಡುಕೊಂಡವು. ಅಲ್ಲಿ ಕೊಯ್ದ ಮರಕ್ಕೆ ಈ ಸುಂಕವೇ ಇಲ್ಲ!

ಬಂಡವಾಳಕ್ಕೆ ಬೇಲಿ ದಾಟುವ ಕಾಲಿದೆ. ಮಿಲ್ಲು ಮುಚ್ಚಿದ ಊರಿನ ಕೂಲಿಗೂ ಸಾಲ ಮಾಡಿ ಮನೆ ಕಟ್ಟಿಸುವವನಿಗೂ ಆ ಕಾಲಿಲ್ಲ. ಎರಡೂ ಸರ್ಕಾರಗಳು ಕೂತು ಮಾತಾಡಿ ನಿಲ್ಲುವಂಥ ಒಪ್ಪಂದ ಮಾಡಿಕೊಳ್ಳದಿದ್ದರೆ ಈ ಇಬ್ಬರೇ ಸುಂಕ ತೆರುತ್ತಾ ಇರಬೇಕು.