ತಲೆನೋವೆಂದು ತಳ್ಳಿ ಹಾಕದಿರಿ

ಅಡುಗೆ ಕೆಲಸದಲ್ಲಿದ್ದ ಗೃಹಿಣಿಗೆ ಇದ್ದಕ್ಕಿದ್ದಂತೆ ಸಿಡಿಲು ಬಡಿದಂಥ ತಲೆನೋವು, ಜೊತೆಗೆ ವಾಂತಿ. ‘ಪಿತ್ತ ಏರಿರಬೇಕು, ಸ್ವಲ್ಪ ಮಲಗು’ ಎನ್ನುತ್ತಾರೆ ಅತ್ತೆ. ‘ಇವರು ಅಂಗಡಿಯಿಂದ ಬರಲಿ, ಆಮೇಲೆ ನೋಡೋಣ’ ಎಂದು ಆಕೆಯೂ ಸುಮ್ಮನಾಗುತ್ತಾಳೆ. ಬೆಳಗಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ. ಯಾವ ಮನೆಯಲ್ಲೂ ಹೀಗಾಗಬಾರದೆಂಬ ಕಾಳಜಿಯಿಂದ ಈ ಸಲ ಅನ್ಯೂರಿಸಂ ಕುರಿತು ಕೆಲವು ಮಾತು.

ಸೈಕಲಿನ ಟಯರು ಸವೆದಲ್ಲಿ ಟ್ಯೂಬು ಉಬ್ಬಿ ಬರುವುದನ್ನು ನೀವು ಕಂಡಿರಬಹುದು. ಮೆದುಳಿನ ಅಪಧಮನಿಯ ಗೋಡೆ ದುರ್ಬಲವಾದಲ್ಲಿ ರಕ್ತದ ಒತ್ತಡಕ್ಕೆ ಹೀಗೆಯೇ ಗುಳ್ಳೆಯೇಳುತ್ತದೆ. ಅದೇ ಅನ್ಯೂರಿಸಂ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಇದು ಇರುತ್ತದೆ. ಹೆಚ್ಚಿನವರಲ್ಲಿ ಜೀವನವಿಡೀ ಒಡೆಯುವುದಿಲ್ಲ. ಒಡೆದರೆ ಮಾತ್ರ ಮೆದುಳಿನ ಸುತ್ತ ರಕ್ತ ಹರಡಿ ಜೀವಕ್ಕೇ ಅಪಾಯ. ಧೂಮಪಾನಿಗಳು, ರಕ್ತದೊತ್ತಡವನ್ನು ಹತೋಟಿಯಲ್ಲಿಡದವರು, ಹೆತ್ತವರಲ್ಲೋ ಒಡಹುಟ್ಟಿದವರಲ್ಲೋ ಈ ತೊಂದರೆ ಇದ್ದವರು ವಿಶೇಷ ಎಚ್ಚರ ವಹಿಸಬೇಕು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು.

ಚಿಕಿತ್ಸೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ತಲೆಬುರುಡೆ ತೆರೆದು ಗುಳ್ಳೆಯ ಬುಡಕ್ಕೆ ಪುಟ್ಟ ಲೋಹದ ಕ್ಲಿಪ್ ಹಾಕುವುದು. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು ಇದನ್ನು ಮೊದಲು ಮಾಡಿದರು. ಇನ್ನೊಂದು, ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಸಪೂರ ನಳಿಕೆ ತೂರಿಸಿ, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವುದು. ಇಟಲಿ ಮೂಲದ ವೈದ್ಯ ಗುಗ್ಲಿಯೆಲ್ಮಿಯವರ ಈ ವಿಧಾನ 1990ರ ದಶಕದಲ್ಲಿ ಬಳಕೆಗೆ ಬಂತು. ಇದಕ್ಕೆ ತಲೆ ಕೊಯ್ಯಬೇಕಾಗಿಲ್ಲ. ಆದರೆ ಮುಂದೆಯೂ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು. ಯಾರಿಗೆ ಯಾವುದು ಸೂಕ್ತ ಎಂಬುದು ಗುಳ್ಳೆಯ ಜಾಗ, ಗಾತ್ರ, ಆಕಾರ ಮತ್ತು ರೋಗಿಯ ವಯಸ್ಸನ್ನು ಅವಲಂಬಿಸಿದೆ.

ಒಡೆಯದ ಸಣ್ಣ ಗುಳ್ಳೆಗೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಡ. ರಕ್ತದೊತ್ತಡ ಹತೋಟಿಯಲ್ಲಿಟ್ಟು, ಬೀಡಿ ಸಿಗರೇಟು ಬಿಟ್ಟು, ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿದರೆ ಸಾಕಾಗುತ್ತದೆ. ‘ಏನೂ ಮಾಡದೆ ಕಳಿಸಿದರು’ ಎಂದು ಇಂಥ ವೈದ್ಯರನ್ನು ದೂರಬೇಡಿ. ಆದರೆ ಗುಳ್ಳೆ ಒಡೆದಾಗ ‘ಊರಿನ ಹಿರಿಯರನ್ನು ಕೇಳಿ ಹೇಳುತ್ತೇವೆ’ ಎಂದು ದಿನ ದೂಡುವುದೂ ಸರಿಯಲ್ಲ. ಮತ್ತೊಮ್ಮೆ ರಕ್ತ ಸೋರುವ ಅಪಾಯ ಮೊದಲ ದಿನಗಳಲ್ಲೇ ಹೆಚ್ಚು.

ತಲೆನೋವೆಲ್ಲ ಅನ್ಯೂರಿಸಂ ಅಲ್ಲ, ಹೆದರಬೇಡಿ. ಆದರೆ ಹಿಂದೆಂದೂ ಕಾಣದಂಥ ನೋವು ಕ್ಷಣದಲ್ಲೇ ಅಪ್ಪಳಿಸಿದರೆ, ಕತ್ತು ಬಿಗಿದರೆ, ಕಣ್ಣಿನ ರೆಪ್ಪೆ ಜೋತುಬಿದ್ದರೆ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ.

ಸಹೋದರಿಯರೇ, ಮನೆಯವರ ನೋವಿಗೆಲ್ಲ ಓಡಿ ಬರುವ ನೀವು ನಿಮ್ಮ ನೋವನ್ನು ಮುಚ್ಚಿಡಬೇಡಿ. ಸಹೋದರರೇ, ಆಸ್ಪತ್ರೆಗೆ ಹೋಗಲು ಆಕೆ ನಿಮ್ಮ ದಾರಿ ಕಾಯುವಂತೆ ಮಾಡಬೇಡಿ.