ಹಳೆಯ ಜೀಪು ಮತ್ತು ಒಡೆಯನ ಎಚ್ಚರ

ಕಾಸರಗೋಡಿನ ಮೂಡುದಿಕ್ಕಿನ ಗುಡ್ಡಗಾಡಿನಲ್ಲಿ ಜೀಪಿನ ಕಾಲ ಇನ್ನೂ ಮುಗಿದಿಲ್ಲ. ಅಡೂರು, ದೇಲಂಪಾಡಿ, ಬಂದಡ್ಕ, ಎಣ್ಮಕಜೆ, ಪೈವಳಿಕೆಯ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಡಾಮರು ಮುಗಿದಲ್ಲಿಂದ ಮುಂದೆ ಮುರಕಲ್ಲಿನ ಏರು, ಅದರಾಚೆ ಒಂದು ತೋಡು, ತೋಡು ದಾಟಿದರೆ ತೋಟ. ಆ ದಾರಿಯಲ್ಲಿ ಗೊಬ್ಬರವನ್ನು ಮೇಲಕ್ಕೂ ಅಡಿಕೆಯನ್ನು ಕೆಳಕ್ಕೂ, ಅಪರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೂ ಒಯ್ಯುವುದು ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಸಲ್ಲುವ ಜೀಪೇ. ಮಹೀಂದ್ರ ಕಂಪೆನಿ 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿತು. 1980ರ ದಶಕದಲ್ಲಿ ಪೆಜೋ ವಿನ್ಯಾಸದ ಡೀಸೆಲ್ ಎಂಜಿನು ಕೂರಿಸಿ ಎಂಎಂ 540 ಎಂಬ ಮಾದರಿಯನ್ನು ತಂದಿತು. ಆ ವಂಶದ ಜೀಪುಗಳು ಇಪ್ಪತ್ತೈದು, ಮೂವತ್ತು ವರ್ಷ ತುಂಬಿಸಿಕೊಂಡು ನಮ್ಮ ಅಂಗಳಗಳಲ್ಲಿ ಇಂದಿಗೂ ನಿಂತಿವೆ. ನನ್ನ ಅಂಗಳದಲ್ಲಿಯೂ ಒಂದಿದೆ. ಭಾನುವಾರಗಳಲ್ಲಿ ಅದರ ಅಡಿಯಲ್ಲಿ ಮಲಗುವ ಅಭ್ಯಾಸ ನನಗಿದೆ.

ಇಂತಹ ಜೀಪನ್ನು ಸ್ವತಃ ರಿಪೇರಿ ಮಾಡಿಕೊಳ್ಳುವವರು ಹೇಳುವ ಕಾರಣ ಸಾಮಾನ್ಯವಾಗಿ ಒಂದೇ: ಹಣ ಉಳಿಯುತ್ತದೆ. ಆ ಮಾತು ನಿಜವಾದರೂ ಅದಕ್ಕಿಂತ ಗುರುತರವಾದ ಕಾರಣವೊಂದು ಕಾನೂನಿನ ಪುಸ್ತಕದಲ್ಲಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 190ರ ಮೊದಲ ಉಪಕಲಮನ್ನು ನೋಡಿ. ವಾಹನದಲ್ಲಿ ಅಪಾಯಕಾರಿಯಾದ ದೋಷವಿದ್ದು, ಆ ದೋಷ ತನಗೆ ತಿಳಿದಿದ್ದರೂ ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದಲ್ಲಿ ತಿಳಿಯಬಹುದಾಗಿದ್ದರೂ, ಅದನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದವನೂ ಓಡಿಸಲು ಬಿಟ್ಟವನೂ ಅಪರಾಧಿಗಳು. 2019ರ ತಿದ್ದುಪಡಿಯ ಬಳಿಕ ಇದಕ್ಕೆ 1,500 ರೂಪಾಯಿ ದಂಡ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಸೊತ್ತು ಹಾನಿಯಾದರೆ ಮೂರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ.

ಇಲ್ಲಿ ‘ತಿಳಿಯಬಹುದಾಗಿದ್ದ’ ಎಂಬ ಪದದ ತೂಕವನ್ನು ಓದುಗರು ಗಮನಿಸಬೇಕು. ನನಗೆ ಗೊತ್ತಿರಲಿಲ್ಲ ಎಂಬುದು ಈ ಕಲಮಿನ ಎದುರು ಪೂರ್ಣ ಉತ್ತರವಾಗುವುದಿಲ್ಲ. ಪರಿಹಾರದ ದಾವೆಗಳಲ್ಲಿಯೂ ಇದೇ ತರ್ಕ ನಡೆಯುತ್ತದೆ. ಯಾಂತ್ರಿಕ ದೋಷದಿಂದ ಅಪಘಾತವಾಯಿತು ಎಂದು ವಾದಿಸುವ ಮಾಲಕನ ಮೇಲೆಯೇ ಅದನ್ನು ರುಜುವಾತುಪಡಿಸುವ ಹೊಣೆಯಿದೆ, ತಾನು ತಕ್ಕ ಎಚ್ಚರವನ್ನೆಲ್ಲ ವಹಿಸಿಯೂ ಆ ದೋಷ ಕಣ್ಣಿಗೆ ಬೀಳದೆ ಅಡಗಿತ್ತು ಎಂದು ಅವನು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 1977ರಲ್ಲಿಯೇ ಹೇಳಿದೆ.

ನನ್ನ ಕಚೇರಿಗೆ ಬಂದಿದ್ದ ಒಬ್ಬ ಹಿರಿಯ ಕೃಷಿಕರ ಮಾತು ನೆನಪಾಗುತ್ತದೆ. ಇಳಿಜಾರಿನಲ್ಲಿ ಅವರ ಜೀಪು ನಿಲ್ಲದೆ ಹೋಗಿ, ದಾರಿಬದಿಯಲ್ಲಿದ್ದ ನೆರೆಮನೆಯವರ ಕಾಲು ಮುರಿದಿತ್ತು. “ಬ್ರೇಕು ಸಿಕ್ಕಲಿಲ್ಲ ವಕೀಲರೇ, ನಾನು ಬೇಕೆಂದು ಮಾಡಿದ್ದಲ್ಲವಲ್ಲ” ಎಂದರು. ಬೇಕೆಂದು ಮಾಡಿದ್ದಲ್ಲ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ವಾಹನ ತಪಾಸಣೆಯ ವರದಿಯಲ್ಲಿ ಹಿಂದಿನ ಚಕ್ರದ ಒಳಬದಿಯಲ್ಲಿ ಬ್ರೇಕ್ ಆಯಿಲು ಸೋರಿ, ಅದರ ಮೇಲೆ ಧೂಳು ಕುಳಿತು ಗಟ್ಟಿಯಾಗಿದ್ದ ಕಲೆಯ ಉಲ್ಲೇಖವಿತ್ತು. ಒಂದು ದಿನದ ಸೋರಿಕೆಯಿಂದ ಅಂತಹ ಕಲೆ ಆಗುವುದಿಲ್ಲ. ಬಗ್ಗಿ ನೋಡಿದವನಿಗೆ ಅದು ಕಾಣುತ್ತಿತ್ತು. ಸಾಮಾನ್ಯ ಎಚ್ಚರ ಎಂದರೆ ಅಷ್ಟೇ: ಬಗ್ಗಿ ನೋಡುವುದು.

ಆದುದರಿಂದ ನೋಡುವ ಕೆಲಸವನ್ನು ಬ್ರೇಕಿನಿಂದ ಆರಂಭಿಸೋಣ. ಹಳೆಯ ಜೀಪುಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಎಂಜಿನು ಚಾಲೂ ಮಾಡುವ ಮೊದಲು ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿಯಿರಿ. ಕಾಲಿನಡಿ ಅದು ಮೆಲ್ಲಗೆ ಇಳಿಯುತ್ತಾ ಹೋದರೆ ಆಯಿಲು ಎಲ್ಲೋ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಎರಡು ಮೂರು ಸಲ ತುಳಿದ ಮೇಲಷ್ಟೇ ಬ್ರೇಕು ಹಿಡಿಯುವುದಾದರೆ ಲೈನರು ಸವೆದು, ಡ್ರಮ್ಮಿಗೂ ಅದಕ್ಕೂ ನಡುವಣ ಅಂತರ ಹೆಚ್ಚಾಗಿರುವ ಸಂಭವವಿದೆ. ಚಕ್ರವನ್ನು ಎತ್ತಿ ಎಡ್ಜಸ್ಟರನ್ನು ತಿರುಗಿಸಿ, ಲೈನರು ತಾಗಿದ ಬಳಿಕ ತುಸು ಹಿಂದಕ್ಕೆ ಬಿಡಬೇಕು. ಚಕ್ರ ಸಲೀಸಾಗಿ ತಿರುಗುವಷ್ಟು ಮಾತ್ರ ಬಿಟ್ಟರೆ ಸಾಕು. ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರಸಿ ತೆಗೆಯಿರಿ.

ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ನೀರು ಸೇರಿದ ಆಯಿಲು ದೀರ್ಘವಾದ ಇಳಿತದಲ್ಲಿ ಬಿಸಿಯೇರಿದಾಗ ಆವಿಯ ಗುಳ್ಳೆಗಳಾಗಿ ಪೆಡಲು ಬರಿದಾಗುತ್ತದೆ. ಸಿಲಿಂಡರಿನ ಒಳಗೋಡೆಗೆ ತುಕ್ಕನ್ನೂ ತರುತ್ತದೆ. ನಮ್ಮಂತಹ ಮಳೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಾಯಿಸುವುದು ಲೇಸು. ಡಬ್ಬಿಯಲ್ಲಿ ಆಯಿಲು ಕಡಿಮೆಯಾಯಿತೆಂದು ಎಂಜಿನ್ ಆಯಿಲನ್ನು ಸುರಿಯಲೇಬಾರದು. ರಬ್ಬರಿನ ಕಪ್ಪುಗಳು ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ. ತೋಡು ದಾಟಿದ ಬಳಿಕ ಡ್ರಮ್ಮಿನೊಳಗೆ ನೀರಿರುವಾಗ ಬ್ರೇಕು ಅರ್ಧ ಶಕ್ತಿಯಲ್ಲಿಯೂ ಹಿಡಿಯದು. ಸಮತಟ್ಟಾದಲ್ಲಿ ಮೆಲ್ಲಗೆ ಓಡಿಸುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಹಿಡಿದು, ಲೈನರು ಒಣಗಿತೆಂದು ಖಾತ್ರಿಯಾದ ಮೇಲೆಯೇ ಇಳಿತಕ್ಕೆ ಹೊರಡಬೇಕು.

ಜೀಪಿನ ಅಡಿಗೆ ಹೋಗುವ ಮುನ್ನ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ವಿಲ್ಲಿಸ್ ಪರಂಪರೆಯ ಅನೇಕ ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ ಹಿಂದಿನ ಪ್ರೊಪೆಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಎರಡೂ ಚಕ್ರಗಳು ನೆಲದಲ್ಲಿರುವಷ್ಟು ಹೊತ್ತು ಅದು ಚೆನ್ನಾಗಿಯೇ ನಿಲ್ಲಿಸುತ್ತದೆ. ಆದರೆ ಒಂದು ಹಿಂಚಕ್ರವನ್ನು ಜಾಕಿಯಿಂದ ಎತ್ತಿದೊಡನೆ ಡಿಫರೆನ್ಶಿಯಲಿನ ಗುಣದಿಂದ ಎತ್ತಿದ ಚಕ್ರ ಒಂದು ಕಡೆಗೂ ನೆಲದಲ್ಲಿರುವ ಚಕ್ರ ಇನ್ನೊಂದು ಕಡೆಗೂ ತಿರುಗಬಲ್ಲವು. ಶಾಫ್ಟು ಅಲುಗದಿದ್ದರೂ ಜೀಪು ಉರುಳುತ್ತದೆ. ಕೈಬ್ರೇಕು ಹಾಕಿದ್ದೇನೆ, ಗೇರಿನಲ್ಲಿಯೂ ನಿಲ್ಲಿಸಿದ್ದೇನೆ ಎಂಬ ನಂಬಿಕೆಯಿಂದ ಇಳಿಜಾರಿನಲ್ಲಿ ಅಡಿಗೆ ಹೋದವನ ಪ್ರಾಣಕ್ಕೆ ಆಗ ಯಾವ ಭದ್ರತೆಯೂ ಇಲ್ಲ. ಸಮನೆಲದಲ್ಲಿಯೇ ಎತ್ತಿರಿ. ನೆಲದಲ್ಲಿರುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಎತ್ತಿದ ಬಳಿಕ ಭಾರವನ್ನು ಗಟ್ಟಿಯಾದ ಮರದ ದಿಮ್ಮಿ ಅಥವಾ ಕಬ್ಬಿಣದ ಸ್ಟಾಂಡಿನ ಮೇಲೆ ಇಳಿಸಿ. ಜಾಕಿ ಎತ್ತುವುದಕ್ಕೆ ಮಾತ್ರ. ಹೊತ್ತು ನಿಲ್ಲುವುದು ಅದರ ಕೆಲಸವಲ್ಲ. ಮುರಕಲ್ಲು ಭಾರಕ್ಕೆ ಒಡೆಯುವ ಕಲ್ಲಾದ್ದರಿಂದ ಅದನ್ನು ಆಧಾರವಾಗಿ ಇಡಬಾರದು.

ಇನ್ನು ನಾಲ್ಕು ಚಕ್ರಗಳ ಚಾಲನೆಯ ವಿಚಾರ. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಶಿಯಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಕೆಸರಿನಲ್ಲಾದರೆ ಚಕ್ರ ತುಸು ಜಾರಿ ಆ ವ್ಯತ್ಯಾಸ ಕಳೆಯುತ್ತದೆ; ಒಣಡಾಮರಿನಲ್ಲಿ ಕಳೆಯದೆ ಶಾಫ್ಟು, ಗೇರುಗಳು ಬಿಗಿದು, ಲಿವರು ಹಿಂದಕ್ಕೆ ಬಾರದಂತಾಗುತ್ತದೆ. ಡಾಮರಿಗೆ ಬಂದೊಡನೆ ಎರಡು ಚಕ್ರಕ್ಕೆ ಮರಳಬೇಕು ಎನ್ನುವುದು ಇದಕ್ಕಾಗಿಯೇ. ಎರಡು ಹೊಸ ಟೈರು, ಎರಡು ಸವೆದ ಟೈರು ಹಾಕಿ ಓಡಿಸುವುದೂ ಇದೇ ಬಿಗಿತವನ್ನು ತರುತ್ತದೆ. ಬೇಸಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಮುಂಚಕ್ರಗಳಿಗೆ ಬಲ ಕೊಟ್ಟು ಸ್ವಲ್ಪ ದೂರ ಓಡಿಸಿದರೆ ಆಯಿಲು ಎಲ್ಲೆಡೆ ಹರಡಿ, ಮಳೆ ಬಂದ ದಿನ ಲಿವರು ಮುಷ್ಕರ ಹೂಡುವುದಿಲ್ಲ.

ತುಳುನಾಡಿನವರಾದ ನಮಗೆ ಪತ್ತನಾಜೆ ಮಳೆಗಾಲದ ಹೊಸ್ತಿಲು. ಅದಕ್ಕೆ ಮೊದಲು ಒಂದು ಭಾನುವಾರವನ್ನು ಗ್ರೀಸಿಗಾಗಿ ಇಟ್ಟುಕೊಳ್ಳಿ. ಸ್ಪ್ರಿಂಗಿನ ಶಾಕಲುಗಳು, ಸ್ಟೇರಿಂಗಿನ ಕೀಲುಗಳು, ಪ್ರೊಪೆಲರ್ ಶಾಫ್ಟಿನ ಕ್ರಾಸುಗಳು, ಇವುಗಳ ನಿಪ್ಪಲುಗಳನ್ನು ಒರಸಿ, ಹಳೆಯ ಗ್ರೀಸು ಹೊರಬರುವ ತನಕ ಗನ್ನಿನಿಂದ ತುಂಬಿಸಬೇಕು. ಮುಂದಕ್ಕೆ ಹಿಂದಕ್ಕೆ ಗೇರು ಬದಲಿಸುವಾಗ ಅಡಿಯಲ್ಲಿ ಟಕ್ಕೆಂಬ ಸದ್ದು ಬಂದರೆ ಕ್ರಾಸು ಸವೆದಿರಬಹುದು. ಕೈಯಿಂದ ಶಾಫ್ಟನ್ನು ಅಲುಗಿಸಿ ನೋಡಿ. ಮಳೆಗಾಲದ ನಡುವೆ, ಆಳದ ನೀರು ದಾಟಿದ ಮೇಲೆ, ಡಿಫರೆನ್ಶಿಯಲಿನ ಆಯಿಲನ್ನು ಪರೀಕ್ಷಿಸಬೇಕು. ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಅದರ ಉಸಿರುಕೊಳವೆ ಮಣ್ಣಿನಿಂದ ಮುಚ್ಚಿದ್ದರೆ ಸೀಲಿನ ಮೂಲಕವೇ ಎಳೆಯುತ್ತದೆ. ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಾಯಿಸಬೇಕು. ಅಡಿಯ ಪ್ಲಗ್ಗನ್ನು ಬಿಚ್ಚುವ ಮೊದಲು ಮೇಲಿನ, ಆಯಿಲು ತುಂಬುವ ಪ್ಲಗ್ಗನ್ನು ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬಾರದಿದ್ದರೆ, ಬರಿದಾದ ಹೌಸಿಂಗಿನೊಂದಿಗೆ ಜೀಪು ಅಂಗಳದಲ್ಲಿಯೇ ಉಳಿಯುತ್ತದೆ.

ಮಳೆ ನಿಂತ ಬಳಿಕ, ದೀಪಾವಳಿಯ ಹೊತ್ತಿಗೆ, ಚಾಸಿಯನ್ನು ನೋಡುವ ಸಮಯ. ಪೊಳ್ಳಾದ ಚಾಸಿಯೊಳಗೆ ಕೆಂಪುಮಣ್ಣು ತುಂಬಿ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ನೀರು ಬಿಟ್ಟು ತೊಳೆದು, ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿಯಾದಲ್ಲಿ ಕಬ್ಬಿಣ ಝಣ್ ಎನ್ನುತ್ತದೆ, ತುಕ್ಕು ತಿಂದಲ್ಲಿ ಸದ್ದು ಸತ್ತಿರುತ್ತದೆ. ಇಲ್ಲಿ ವಕೀಲನಾಗಿ ಒಂದು ಮಾತು: ಚಾಸಿಯಲ್ಲಿ ಒತ್ತಿದ ಸಂಖ್ಯೆಯ ಮೇಲೆ ತಂತಿ ಬ್ರಶ್ಶನ್ನಾಗಲೀ ಉಜ್ಜುವ ಯಂತ್ರವನ್ನಾಗಲೀ ಆಡಿಸಬೇಡಿ. ಖಾಸಗಿ ವಾಹನದ ನೋಂದಣಿಗೆ ಹದಿನೈದು ವರ್ಷದ ಆಯುಷ್ಯ. ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿಯುವ ದಿನಕ್ಕೆ ಹಿಂದಿನ 60 ದಿನಗಳೊಳಗೆ 25ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಬಹುದು. ತಪಾಸಣೆಯ ವೇಳೆ ಆ ಸಂಖ್ಯೆ ಓದಲು ಬಾರದಿದ್ದರೆ, ಸುಸ್ಥಿತಿಯಲ್ಲಿರುವ ಜೀಪೂ ಕಾಗದದ ಮೇಲೆ ಅನಾಥವಾಗುತ್ತದೆ. ಸಂಖ್ಯೆಯ ಮೇಲೆ ತೆಳುವಾಗಿ ಗ್ರೀಸು ಹಚ್ಚಿಡುವುದು ಐದು ನಿಮಿಷದ ಕೆಲಸ.

ಸ್ವಂತ ರಿಪೇರಿಗೆ ಕಾನೂನು ಗೆರೆಯೊಂದನ್ನು ಎಳೆದಿರುವುದನ್ನೂ ಮರೆಯಬಾರದು. ಸವೆದ ಭಾಗವನ್ನು ತೆಗೆದು ಅದೇ ಬಗೆಯ ಭಾಗವನ್ನು ಕೂರಿಸುವುದು ರಿಪೇರಿ. ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನದ ಮೂಲ ಸ್ವರೂಪವನ್ನು ಬದಲಿಸುವುದು ಮಾರ್ಪಾಡು. ಕಲಂ 52 ಅದನ್ನು ನಿರ್ಬಂಧಿಸುತ್ತದೆ. ಕೇರಳದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದುದರಿಂದ ಗುಜರಿಯಲ್ಲಿ ಅಗ್ಗಕ್ಕೆ ದೊರೆತ ಬೇರೆ ಕಂಪೆನಿಯ ಎಂಜಿನನ್ನು ಕೂರಿಸುವುದು, ಚಾಸಿಯನ್ನು ಕತ್ತರಿಸಿ ಉದ್ದ ಮಾಡುವುದು, ಇವು ಎಷ್ಟೇ ಕುಶಲತೆಯಿಂದ ಮಾಡಿದರೂ ಭಾನುವಾರದ ಕೆಲಸಗಳಲ್ಲ. ಹಾಗೆಯೇ ಸ್ಟೇರಿಂಗ್ ಬಾಕ್ಸು, ಚಾಸಿಯ ವೆಲ್ಡಿಂಗು, ಸಿಲಿಂಡರು ಬದಲಾವಣೆ ಮುಂತಾದವುಗಳನ್ನು ಕೈಪಳಗಿದ ಮೆಕ್ಯಾನಿಕರಿಗೆ ಬಿಡುವುದೇ ವಿವೇಕ. ಬಿಟ್ಟರೂ ಪಕ್ಕದಲ್ಲಿ ನಿಂತು ನೋಡಿ. ಕಳಚಿದ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಎಲ್ಲಿ ಸವೆದಿದೆ ಎಂದು ಕೇಳಿ.

ಕೊನೆಯದಾಗಿ, ಬೆಲೆಯಲ್ಲಿ ಅತ್ಯಂತ ಕಡಿಮೆಯಾದ ಉಪಕರಣವೊಂದನ್ನು ಸೂಚಿಸುತ್ತೇನೆ: ನೂರು ಪುಟದ ಒಂದು ನೋಟು ಪುಸ್ತಕ. ದಿನಾಂಕ, ಓಡಿದ ಕಿಲೋಮೀಟರು, ನೋಡಿದ್ದು, ಬದಲಿಸಿದ್ದು, ಮಾಡಿದವರು ಯಾರು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಬಿಡಿಭಾಗದ ಬಿಲ್ಲನ್ನು ಅದೇ ಪುಟಕ್ಕೆ ಅಂಟಿಸಿ. ಏನೂ ದೋಷ ಕಾಣದ ದಿನವೂ ನೋಡಿದ್ದೇನೆ ಎಂದು ಬರೆಯಿರಿ. ಆ ಕೃಷಿಕರ ಕೈಯಲ್ಲಿ ಅಂತಹ ಪುಸ್ತಕವಿದ್ದಿದ್ದರೆ ಅವರ ಪರವಾಗಿ ಹೇಳಲು ನನಗೆ ಒಂದು ಮಾತಾದರೂ ಇರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಪುಸ್ತಕ ಬರೆಯುವವರು ಚಕ್ರದ ಹಿಂದೆ ಬಗ್ಗಿ ನೋಡುತ್ತಿದ್ದರು, ನೆರೆಯವರು ಇಂದು ಊರುಗೋಲಿಲ್ಲದೆ ನಡೆಯುತ್ತಿದ್ದರು. ಬರವಣಿಗೆ ಕನ್ನಡದಲ್ಲಿ ಇದ್ದರೆ ನ್ಯಾಯಾಲಯದಲ್ಲಿ ನಡೆದೀತೇ ಎಂದು ಕೆಲವರು ಕೇಳುತ್ತಾರೆ. ದಾಖಲೆಯ ಬೆಲೆ ಅದರ ಭಾಷೆಯಿಂದ ಕುಗ್ಗುವುದಿಲ್ಲ. ಬೇಕಾದಾಗ ಅನುವಾದವನ್ನು ಸಲ್ಲಿಸಿದರಾಯಿತು. ನಿಮಗೆ ಸಲೀಸಾದ ಭಾಷೆಯಲ್ಲಿ, ಕೆಲಸ ಮಾಡಿದ ದಿನವೇ ಬರೆದಿಡಿ.

ಗಡಿಯಾಚೆ ಸುಳ್ಯ, ಪುತ್ತೂರು, ಮಂಗಳೂರುಗಳಿಂದ ಹಳೆಯ ಜೀಪು ಕೊಂಡು ತಂದವರು ಇಲ್ಲಿನ ನೋಂದಣಿ ಮಾಡಿಸಿಕೊಳ್ಳಬೇಕಾದ ವಿಧಾನವನ್ನೂ ಹೆಸರು ಬದಲಾಯಿಸದೆ ಮಾರಿದವರ ಮೇಲೆ ಉಳಿಯುವ ಹೊಣೆಯನ್ನೂ ಮುಂದಿನ ವಾರ ನೋಡೋಣ.