ಮಕ್ಕಳ ಗಾಲಿಗೆ ಅಡ್ಡಗಾಲು ಯಾಕೆ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಪಾರ್ಕುಗಳಿಗೆ ಬರವಿಲ್ಲ. ದೊಡ್ಡಬಳ್ಳಾಪುರದಲ್ಲಿ ಅಪೆರಲ್ ಪಾರ್ಕ್ ಇದೆ, ದೇವನಹಳ್ಳಿ ಕಡೆ ಏರೋಸ್ಪೇಸ್ ಪಾರ್ಕ್ ಇದೆ. ಒಂದು ಮಗು ಚೆಂಡು ಹಿಡಿದು ಒಳಗೆ ಹೋಗುವಂತಿಲ್ಲ, ಅಷ್ಟೆ. ಮಕ್ಕಳಿಗೆ ಉಳಿದಿರುವುದು ಬಡಾವಣೆಯ ಮೂಲೆಯಲ್ಲಿ ನಗರಸಭೆ ಬೇಲಿ ಹಾಕಿಟ್ಟ ತುಂಡು ಜಾಗ. ಬಾಣಲೆಯಂಥ ಒಂದು ಗುಂಡಿ, ಎರಡು ಇಳಿಜಾರು, ನಾಲ್ಕು ಮೆಟ್ಟಿಲು, ಒಂದು ಕಬ್ಬಿಣದ ಕಂಬಿ: ಸ್ಕೇಟ್‌ಪಾರ್ಕ್ ಎಂದರೆ ಇಷ್ಟೇ. ಅದನ್ನು ಆ ತುಂಡು ಜಾಗದಲ್ಲಿ ಮಾಡೋಣ ಎಂದು ಯಾರಾದರೂ ಬಾಯಿ ತೆರೆದು ನೋಡಲಿ, ನಿವಾಸಿಗಳ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಸಿದ್ಧವಾಗುತ್ತದೆ. ಎಲ್ಲ ಊರಿನಲ್ಲೂ ಅದರ ಒಕ್ಕಣೆ ಒಂದೇ: ಗಲಾಟೆಯಾಗುತ್ತದೆ, ಪೋಲಿ ಹುಡುಗರು ಸೇರುತ್ತಾರೆ, ಕೈಕಾಲು ಮುರಿಯುತ್ತದೆ, ಹಸಿರು ಹಾಳಾಗುತ್ತದೆ.

ವಿರೋಧಿಸುವುದನ್ನೇ ನಾನು ಹಗುರವಾಗಿ ಕಾಣುತ್ತಿಲ್ಲ. ಈ ನಾಡಿನಲ್ಲಿ ಪಾರ್ಕುಗಳು ಉಳಿದದ್ದು ವಿರೋಧಿಸಿದವರಿಂದ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಸರ್ಕಾರದ ಸೂಚನೆಯ ಮೇರೆಗೆ ಬಿಡಿಎ ಖಾಸಗಿ ಟ್ರಸ್ಟೊಂದರ ನರ್ಸಿಂಗ್ ಹೋಮಿಗೆ ಕೊಟ್ಟಿತ್ತು. ಅಕ್ಕಪಕ್ಕದವರು ಕೋರ್ಟ್ ಮೆಟ್ಟಿಲೇರಿದರು. ಹೈಕೋರ್ಟ್ ಆ ಹಂಚಿಕೆಯನ್ನು ರದ್ದು ಮಾಡಿತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂದೇ ಆ ತೀರ್ಪು ಹೆಸರಾಗಿದೆ. ಆಸ್ಪತ್ರೆಯೂ ಜನರಿಗೇ ತಾನೇ ಎಂಬ ವಾದ ಅಲ್ಲಿ ನಡೆಯಲಿಲ್ಲ. ಪಾರ್ಕು ಎಲ್ಲರದು, ಖಾಸಗಿ ನರ್ಸಿಂಗ್ ಹೋಮು ದುಡ್ಡು ಕೊಡಬಲ್ಲವರದು.

ನಮ್ಮ ಜಿಲ್ಲೆಯೇ ಇನ್ನೂ ದೊಡ್ಡ ಪಾಠ ಹೇಳಿದೆ. ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ಜಮೀನಿಗೆ ಸರ್ಕಾರ ಕೈಹಾಕಿದಾಗ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು.

ಎರಡೂ ಕಡೆ ಜನ ಕೇಳಿದ ಪ್ರಶ್ನೆ ಒಂದೇ: ಜಾಗ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ? ಸ್ಕೇಟ್‌ಪಾರ್ಕಿಗೂ ಇದೇ ಪ್ರಶ್ನೆ ಹಾಕಿ. ಟಿಕೆಟ್ಟಿಲ್ಲದೆ, ಸದಸ್ಯತ್ವವಿಲ್ಲದೆ ಯಾರ ಮನೆ ಮಗುವಾದರೂ ಬರಬಹುದಾದರೆ, ಆ ಜಾಗ ದೊಡ್ಡವರ ಕೈಯಿಂದ ಚಿಕ್ಕವರ ಕೈಗೆ ಹೋಯಿತೇ ಹೊರತು ಊರಿನ ಕೈತಪ್ಪಿ ಹೋಗಲಿಲ್ಲ. ಸ್ಕೇಟ್‌ಪಾರ್ಕ್ ಹೆಸರಿನಲ್ಲಿ ಟೆಂಡರ್ ಕರೆದು, ಗೇಟಿನಲ್ಲಿ ಕೌಂಟರ್ ಇಟ್ಟು, ಕೋಚಿಂಗ್ ಕ್ಯಾಂಪಿನವರಿಗೆ ಗುತ್ತಿಗೆ ಕೊಟ್ಟರೆ ಅರ್ಜಿಗೆ ಮೊದಲ ಸಹಿ ನನ್ನದೇ.

ಈಗ ಅರ್ಜಿಯ ಒಕ್ಕಣೆಗೆ ಬರೋಣ. ಮೊದಲನೆಯದು ಗಲಾಟೆ. ದೊಡ್ಡಬಳ್ಳಾಪುರ ಪವರ್‌ಲೂಮಿನ ಊರು. ಹಗಲೂ ರಾತ್ರಿ ಲಟಲಟ ಎನ್ನುವ ಮಗ್ಗದ ಸದ್ದಿನಲ್ಲೇ ಇಲ್ಲಿನ ಕೂಸುಗಳು ನಿದ್ದೆ ಕಲಿತಿವೆ. ಕರೆಂಟು ಹೋಗಿ ಸದ್ದು ನಿಂತರೇ ಎಚ್ಚರವಾಗುವ ಮನೆಗಳಿವೆ. ಆ ಸದ್ದನ್ನು ನಾವು ದುಡಿಮೆ ಎಂದು ಕರೆದೆವು. ಸ್ಕೇಟ್‌ಬೋರ್ಡಿನ ನಾಲ್ಕು ಗಾಲಿಯ ಸದ್ದು ಮಾತ್ರ ನಮಗೆ ಗಲಾಟೆಯಾಗಿ ಕೇಳುತ್ತದೆ.

ಎರಡನೆಯದು ಪೋಲಿ ಹುಡುಗರು. ಅರ್ಜಿಯಲ್ಲಿ ಬಿಡಿಸಿ ಹೇಳದ ಮಾತು ಇದು: ನಮ್ಮ ಬೀದಿಯವರಲ್ಲದ, ನಮ್ಮ ಪೈಕಿಯಲ್ಲದ ಹುಡುಗರು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಹಳ್ಳಿಯಲ್ಲಿ 2015ರಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿದಾಗ ಎರಡು ನಿಯಮ ಮಾಡಿದರು: ಶಾಲೆಗೆ ಹೋಗದವರಿಗೆ ಸ್ಕೇಟಿಂಗ್ ಇಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ. ಬೇರೆ ಬೇರೆ ಕೇರಿಯಲ್ಲಿದ್ದ ಆದಿವಾಸಿ ಮತ್ತು ಯಾದವರ ಮಕ್ಕಳು ಒಂದೇ ಕಾಂಕ್ರೀಟಿನ ಮೇಲೆ ಆಡತೊಡಗಿದರು. ನಮಗೆ ಭಯವಿರುವುದು ಇದರ ಬಗ್ಗೆಯೇ ಆದರೆ ಹಾಗೆಂದೇ ಬರೆಯೋಣ.

ಮೂರನೆಯದು ಪೆಟ್ಟು. ಬೀಳುತ್ತಾರೆ, ಮೊಣಕಾಲು ತರಚುತ್ತದೆ, ನಿಜ. ಆಡಲು ಜಾಗವಿಲ್ಲದ ಮಕ್ಕಳು ಈಗ ಆಡುತ್ತಿರುವುದೆಲ್ಲಿ? ಟಿಪ್ಪರ್ ಓಡಾಡುವ ರಸ್ತೆಯಲ್ಲಿ. ಸ್ವಲ್ಪ ದೊಡ್ಡವರಾದರೆ ಹೆದ್ದಾರಿಯಲ್ಲಿ ಬೈಕ್ ಎತ್ತಿ ವೀಲಿಂಗ್. ಹರೆಯ ಎಲ್ಲೋ ಒಂದು ಕಡೆ ಹಾರಿಯೇ ಹಾರುತ್ತದೆ. ಎಲ್ಲಿ ಹಾರಬೇಕೆಂಬುದನ್ನು ಮಾತ್ರ ಊರು ತೀರ್ಮಾನಿಸಬಹುದು. ಸ್ಕೇಟಿಂಗನ್ನು ಪೋಲಿತನ ಎನ್ನುವವರು ನೆನಪಿಟ್ಟುಕೊಳ್ಳಲಿ: ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಸೇರಿದ್ದು 2021ರಲ್ಲಿ ಟೋಕಿಯೊದಲ್ಲಿ ನಡೆದ ಕೂಟದಲ್ಲಿ, ಅಲ್ಲಿ ಮಹಿಳೆಯರ ಸ್ಟ್ರೀಟ್ ವಿಭಾಗದ ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ ಆಗ 13 ವರ್ಷ.

ಹಸಿರಿನ ಮಾತಿಗೆ ಮಾತ್ರ ತಲೆಬಾಗುತ್ತೇನೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಕಾಣದ ಸೀಮೆ ಇದು. ಇಲ್ಲಿ ಮಳೆ ಇಂಗುವ ಒಂದು ಚದರಡಿ ಮಣ್ಣಿಗೂ ಕಾಂಕ್ರೀಟ್ ಸುರಿಯಬಾರದು, ಒಂದು ಹೊಂಗೆಯನ್ನೂ ಕಡಿಯಬಾರದು. ಆದರೆ ಪಾರ್ಕುಗಳಲ್ಲಿ ಕಾಂಕ್ರೀಟಿಗೇನು ಕಡಿಮೆ? ವಾಕಿಂಗ್ ಪಾಥ್‌ಗೆ ಪೇವರ್ಸ್ ಹಾಸುವಾಗ, ಓಪನ್ ಜಿಮ್ಮಿಗೆ ಸಿಮೆಂಟ್ ಕಟ್ಟೆ ಹಾಕುವಾಗ, ಕಾರಂಜಿ ಕಟ್ಟುವಾಗ ಹಸಿರು ಯಾರಿಗೂ ನೆನಪಾಗಲಿಲ್ಲ.

ಆ ಕಾರಂಜಿಯ ಕತೆ ಹೇಳಬೇಕು. ನಮ್ಮೂರಿನ ಒಂದು ಪಾರ್ಕಿನಲ್ಲಿ ನೀಲಿ ಟೈಲ್ಸಿನ ಕಾರಂಜಿ ತೊಟ್ಟಿ ಇದೆ. ನೀರು ಬಿಟ್ಟದ್ದನ್ನು ನಾನು ಕಂಡಿಲ್ಲ. ತಳದಲ್ಲಿ ತರಗೆಲೆ, ಗುಟ್ಕಾ ಚೀಟಿ. ಒಂದು ಸಂಜೆ ಇಬ್ಬರು ಹುಡುಗರು ರಟ್ಟಿನ ಡಬ್ಬ ಬಿಚ್ಚಿ, ಅದರ ಮೇಲೆ ಕೂತು ತೊಟ್ಟಿಯ ಇಳಿಜಾರಿನಲ್ಲಿ ಜಾರುತ್ತಿದ್ದರು. ವಾಚ್‌ಮನ್ ಸೀಟಿ ಊದಿದ. ಹುಡುಗರು ರಟ್ಟು ಅಲ್ಲೇ ಬಿಟ್ಟು ಬೇಲಿ ಹಾರಿದರು. ಸ್ಕೇಟ್‌ಪಾರ್ಕಿಗೆ ಜಾಗ ಎಲ್ಲಿದೆ ಎಂದು ಕೇಳುವ ನಗರಸಭೆಗೆ ಆ ಮಕ್ಕಳು ಆಗಲೇ ಜಾಗ ತೋರಿಸಿದ್ದಾರೆ. ಒಣಗಿದ ಕಾರಂಜಿ, ಒಡೆದ ಪೇವರ್ಸ್, ಬಳಕೆಯಿಲ್ಲದ ಕಟ್ಟೆ: ಅಲ್ಲಿ ಮಾಡಿ. ಮಣ್ಣು ಮುಟ್ಟಬೇಡಿ.

1985ರ ಕರ್ನಾಟಕದ ಕಾಯ್ದೆಯ ಹೆಸರಿನಲ್ಲೇ ಉದ್ಯಾನ, ಆಟದ ಮೈದಾನ, ಬಯಲು ಮೂರೂ ಒಟ್ಟಿಗೆ ಇವೆ. ನಡೆಯುವವರಿಗೆ ಎಷ್ಟು ಹಕ್ಕೋ ಆಡುವವರಿಗೂ ಅಷ್ಟೇ. ಆಡುವವರು ಕಾವಲುಗಾರರೂ ಆಗಬಲ್ಲರು. ಲಂಡನ್ನಿನ ಸೌತ್‌ಬ್ಯಾಂಕಿನಲ್ಲಿ 1970ರ ದಶಕದಿಂದ ಆಡುತ್ತಿದ್ದ ಸ್ಕೇಟರ್‌ಗಳನ್ನು ಎಬ್ಬಿಸಿ ಅಂಗಡಿ ಮಳಿಗೆ ಮಾಡಲು 2013ರಲ್ಲಿ ಹೊರಟಾಗ, ಹೋರಾಡಿ ಆ ಜಾಗ ಉಳಿಸಿದವರು ಸ್ಕೇಟರ್‌ಗಳೇ. ನಾಳೆ ನಮ್ಮ ಪಾರ್ಕಿಗೆ ಯಾರಾದರೂ ಕಣ್ಣು ಹಾಕಿದರೆ ಅಡ್ಡ ನಿಲ್ಲಲು ಅಲ್ಲಿ ಆಡಿ ಬೆಳೆದವರು ಬೇಕಲ್ಲವೇ?

ಅರ್ಜಿಗೆ ಸಹಿ ಹಾಕುವ ಮುನ್ನ ಒಮ್ಮೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಪಾರ್ಕಿನ ಗೇಟಿನ ಹತ್ತಿರ ಹೋಗಿ ಬನ್ನಿ. ವಾಕಿಂಗಿನವರು ಮನೆ ಸೇರಿರುತ್ತಾರೆ, ಗೇಟಿಗೆ ಬೀಗ ಬಿದ್ದಿರುತ್ತದೆ, ರಜೆಯ ಮಕ್ಕಳು ಹೊರಗಿರುತ್ತಾರೆ. ಮೊದಲು ಆ ಬೀಗದ ವಿರುದ್ಧ ಒಂದು ಅರ್ಜಿ ಬರೆಯೋಣ. ಸ್ಕೇಟ್‌ಪಾರ್ಕಿನ ಅರ್ಜಿ ಆಮೇಲೆ ನೋಡಿಕೊಂಡರಾಯಿತು.